ಭಾನುವಾರದ ಕನ್ನಡ ಆರಾಧನೆಯನ್ನು ನಿಲ್ಲಿಸಬೇಕೇ? ಮುಂಬಯಿ ಬಳಿಯ ಕಲ್ಯಾಣದ ಒಂದು ಸಣ್ಣ ಕ್ರೈಸ್ತ ಸಭೆಯ ಪ್ರಶ್ನೆ

ಕಲ್ಯಾಣದ ಕಾರ್ಯದರ್ಶಿ | ಭಾನುವಾರ, ರಾತ್ರಿ 9.40

ನಮ್ಮ ಸಭೆಗೆ ಸ್ವಂತ ದೇವಾಲಯವಿಲ್ಲ. ಮರಾಠಿ ಸಭೆಯವರ ಆರಾಧನೆ ಹತ್ತೂವರೆಗೆ ಮುಗಿಯುತ್ತದೆ. ಅವರು ಬೆಂಚು ಬಿಟ್ಟು ಎದ್ದ ಮೇಲೆ ನಾವು ಒಳಗೆ ಹೋಗುತ್ತೇವೆ. ರೈಲ್ವೆ, ಗಿರಣಿ ಕೆಲಸ ಹುಡುಕಿಕೊಂಡು ಹುಬ್ಬಳ್ಳಿ, ಗದಗ, ಬೀದರ್ ಕಡೆಯಿಂದ ಬಂದ ನಮ್ಮ ತಂದೆಯ ತಲೆಮಾರಿನವರು ಕಟ್ಟಿದ ಸಭೆ ಇದು. ಈ ಭಾನುವಾರ ಎಣಿಸಿದೆ: 34 ಜನ. ನಲವತ್ತು ದಾಟದವರು 6. ಅವರಲ್ಲಿ ಒಬ್ಬಳು ನನ್ನ ಮಗಳು, ಅವಳೂ ಬಂದದ್ದು ನನ್ನ ಮುಖ ನೋಡಿ.

ಇವತ್ತು ಬೈಬಲಿನ ಕೀರ್ತನೆ ಓದುವ ಸರದಿ ಹನ್ನೆರಡು ವರ್ಷದ ಒಬ್ಬ ಹುಡುಗನದು. ಅವನಿಗೆ ಕನ್ನಡ ಅಕ್ಷರ ಬರುವುದಿಲ್ಲ. ಅಜ್ಜಿಯನ್ನು ಕೂರಿಸಿಕೊಂಡು 23ನೆಯ ಕೀರ್ತನೆಯನ್ನು ಪೆನ್ಸಿಲಿನಲ್ಲಿ ದೇವನಾಗರಿಯಲ್ಲಿ ಬರೆದುಕೊಂಡು ಬಂದಿದ್ದ. 'ಯೆಹೋವನು ನನಗೆ ಕುರುಬನು; ಕೊರತೆಪಡೆನು' ಎಂದು ಸ್ಪಷ್ಟವಾಗಿಯೇ ಓದಿದ. ಆರಾಧನೆ ಮುಗಿದ ಮೇಲೆ ಮೆಲ್ಲಗೆ ಬಂದು ಕೇಳಿದ: "ಅಂಕಲ್, ದೇವರು ಕುರುಬನಾದರೆ ನನಗೆ ಕೊರತೆ ಯಾಕೆ ಸಿಗಬೇಕು? ಪಡೆಯುವುದು ಅಂದರೆ ಸಿಗುವುದು ತಾನೇ?"

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಐವತ್ತು ವರ್ಷ ಬಾಯಿಪಾಠ ಹೇಳಿಕೊಂಡು ಬಂದಿದ್ದೇನೆ, ಒಂದು ದಿನವೂ ಆ ಪದವನ್ನು ಬಿಡಿಸಿ ನೋಡಿರಲಿಲ್ಲ.

ಮುಂದಿನ ವಾರ ಸಭಾ ಹಿರಿಯರ ಕೂಟವಿದೆ. ತಿಂಗಳಿಗೆ ಮೂರು ಭಾನುವಾರ ಹಿಂದಿ ಅಥವಾ ಇಂಗ್ಲಿಷ್, ಒಂದು ಭಾನುವಾರ ಮಾತ್ರ ಕನ್ನಡ ಎಂಬ ಸಲಹೆ ಮುಂದಿದೆ. ಮುಂಬಯಿ, ಪುಣೆ, ಗೋವಾದಲ್ಲಿರುವವರು ನಿಮ್ಮ ಅನುಭವ ತಿಳಿಸಿ.

ಹುಬ್ಬಳ್ಳಿಯ ಹಿರಿಯ, ಮುಲುಂಡ್ | ರಾತ್ರಿ 10.25

ಮೊದಲು ಆ ಹುಡುಗನಿಗೆ ಉತ್ತರ ಕೊಡಿ. ಅಲ್ಲಿರುವುದು 'ಪಡೆ' ಅಲ್ಲ, 'ಪಡು'. ಭಯಪಡು, ದುಃಖಪಡು ಎಂದ ಹಾಗೆ ಕೊರತೆಪಡು. ಅದರ ನಿಷೇಧರೂಪ 'ಪಡೆನು', ಅಂದರೆ ಪಡುವುದಿಲ್ಲ. ಅರಿಯೆನು, ಬಾರೆನು, ಒಲ್ಲೆನು ಇವೆಲ್ಲ ಇದೇ ಜಾತಿಯವು. ಅವನು ಓದಿದ್ದರಲ್ಲಿ ತಪ್ಪಿಲ್ಲ. ಐವತ್ತು ವರ್ಷ ಅರ್ಥ ಹೇಳದೆ ಓದಿಸಿದವರು ನಾವು.

ಈಗ ನಿಮ್ಮ ಸಲಹೆಗೆ ಬರುತ್ತೇನೆ. ಕನ್ನಡದಲ್ಲಿ ಇಡೀ ಬೈಬಲ್ ಅಚ್ಚಾದದ್ದು ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ, 1831ರ ಹೊತ್ತಿಗೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, ಒಂಬತ್ತೇ ವರ್ಷದಲ್ಲಿ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದರು. ಕಿಟ್ಟೆಲ್ ಬಂದದ್ದು 1853ರಲ್ಲಿ, ನಿಘಂಟು ಅಚ್ಚಾದದ್ದು 1894ರಲ್ಲಿ. ಜರ್ಮನಿಯಿಂದ ಬಂದವರು ಪರರ ಮನೆಯ ಮಾತನ್ನು ಕಲಿಯಲು ನಲವತ್ತು ವರ್ಷ ಸವೆಸಿದರು. ನಾವು ಹೆತ್ತ ಮಕ್ಕಳಿಗೆ ಐವತ್ತು ಅಕ್ಷರ ಕಲಿಸಲಾರದೆ ಹಿಂದಿಗೆ ಹೊರಳುತ್ತೇವೆಯೇ? ನಾಚಿಕೆಯಾಗಬೇಕು.

ಹಿಂಜವಡಿಯ ಸೊಸೆ, ಪುಣೆ | ಸೋಮವಾರ, ಬೆಳಿಗ್ಗೆ 8.10

ಹಿರಿಯರ ಮೇಲೆ ಗೌರವವಿಟ್ಟೇ ಹೇಳುತ್ತೇನೆ: ಕಿಟ್ಟೆಲರ ಹೆಸರು ಹೇಳಿದ ಕೂಡಲೇ ಐವತ್ತು ನಿಮಿಷದ ಪ್ರಸಂಗ, ಅಂದರೆ ಪಾದ್ರಿಯ ಉಪದೇಶ, ಸಹ್ಯವಾಗುವುದಿಲ್ಲ.

ಧಾರವಾಡದಲ್ಲಿ ಬೆಳೆದವಳು ನಾನು. ಮದುವೆಯಾಗಿ ಪುಣೆಗೆ ಬಂದ ಮೇಲೆ ನಾಲ್ಕು ವರ್ಷ ಇಲ್ಲಿನ ಒಂದು ಕನ್ನಡ ಸಭೆಗೆ ಹೋದೆ. ಮಗು ಹುಟ್ಟಿದ ಮೇಲೆ ನನಗೆ ನಿದ್ದೆ ಬರುತ್ತಿರಲಿಲ್ಲ. ಮಗು ಅತ್ತರೆ ಎತ್ತಿಕೊಳ್ಳಲು ಕೈ ಏಳುತ್ತಿರಲಿಲ್ಲ. ಗೃಹಪ್ರಾರ್ಥನೆಗೆ ಬಂದ ಹಿರಿಯರು ಕಾಫಿ ಕುಡಿದು, "ಪ್ರಾರ್ಥನೆ ಕಡಿಮೆಯಾಗಿದೆ ತಂಗೀ, ಸೈತಾನನಿಗೆ ಎಡೆ ಕೊಟ್ಟಿದ್ದೀ" ಎಂದರು. ಅತ್ತೆ ತಲೆದೂಗಿದರು. ಆ ಮೇಲೆ ಎರಡು ತಿಂಗಳು ನಾನು ಬಾಯಿ ಬಿಡಲಿಲ್ಲ.

ಗೆಳತಿಯೊಬ್ಬಳು ಒತ್ತಾಯದಿಂದ ಇಂಗ್ಲಿಷ್ ಸಭೆಗೆ ಕರೆದುಕೊಂಡು ಹೋದಳು. ಗಿಟಾರ್, ಪರದೆಯ ಮೇಲೆ ಹಾಡಿನ ಸಾಲು, ಬಾಗಿಲಲ್ಲಿ ಕಾಫಿ, ನೀವು ನಗುವ ಎಲ್ಲವೂ ಅಲ್ಲಿದೆ. ಆದರೆ ಅಲ್ಲಿನ ಪಾಸ್ಟರಮ್ಮ ಹದಿನೈದು ನಿಮಿಷ ಸುಮ್ಮನೆ ಕೇಳಿಸಿಕೊಂಡು, "ಇದು ಬಾಣಂತಿಯರಿಗೆ ಬರುವ ಕಾಯಿಲೆ, ನಾಳೆಯೇ ಮನೋವೈದ್ಯರಲ್ಲಿಗೆ ಹೋಗೋಣ, ಪ್ರಾರ್ಥನೆಯನ್ನೂ ಮಾಡೋಣ" ಎಂದರು. ಹೋದೆವು. ಮಾತ್ರೆ ತೆಗೆದುಕೊಂಡೆ. ಇವತ್ತು ಮಗುವಿಗೆ ಜಡೆ ಹೆಣೆದು ಶಾಲೆಗೆ ಕಳಿಸಿ ಇದನ್ನು ಬರೆಯುತ್ತಿದ್ದೇನೆ.

ನನಗೆ ಕನ್ನಡ ಬೇಡವಾಗಿರಲಿಲ್ಲ. ಕನ್ನಡದಲ್ಲಿ ನನ್ನ ಮಾತು ಕೇಳುವವರು ಇರಲಿಲ್ಲ.

ವಸಾಯಿಯ ಕೊಂಕಣಿ | ಬೆಳಿಗ್ಗೆ 9.00

ನಾವು ಮಂಗಳೂರಿನ ಕಥೋಲಿಕರು. ನಮ್ಮದು ಇನ್ನೂ ತಮಾಷೆಯ ಸ್ಥಿತಿ. ಪ್ರಾರ್ಥನೆ ಕೊಂಕಣಿಯಲ್ಲಿ, ಪುಸ್ತಕ ಕನ್ನಡ ಲಿಪಿಯಲ್ಲಿ, ಚರ್ಚಿನಲ್ಲಿ ಪಕ್ಕ ಕೂರುವ ಗೋವಾದವರ ಕೊಂಕಣಿ ಪುಸ್ತಕ ರೋಮನ್ ಲಿಪಿಯಲ್ಲಿ. ರೋಮಿನ ಎರಡನೆಯ ವ್ಯಾಟಿಕನ್ ಮಹಾಸಭೆಗೆ ಮೊದಲು, ಅಂದರೆ 1960ರ ದಶಕದವರೆಗೆ, ಬಲಿಪೂಜೆ (ಮಾಸ್) ಲ್ಯಾಟಿನ್ನಿನಲ್ಲಿತ್ತು. ನನ್ನ ಅಜ್ಜಿಗೆ ಅದರಲ್ಲಿ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ, ಅವಳ ಭಕ್ತಿಯೇನೂ ಕಡಿಮೆಯಾಗಿರಲಿಲ್ಲ. ಹಾಗೆಂದು ಲ್ಯಾಟಿನ್ ಮರಳಲಿ ಎನ್ನುತ್ತಿಲ್ಲ! ಭಾಷೆಯೊಂದೇ ಸಭೆಯನ್ನು ಉಳಿಸುತ್ತದೆ ಎಂಬ ಮಾತಿಗೆ ನನ್ನ ಅನುಮಾನವಿದೆ, ಅಷ್ಟೆ.

ಗೋವಂಡಿಯವನು | ಮಧ್ಯಾಹ್ನ 1.35

ಊಟದ ವಿರಾಮದಲ್ಲಿ ಬರೆಯುತ್ತಿದ್ದೇನೆ, ಉದ್ದ ಬರೆಯಲಾರೆ ಎಂದುಕೊಂಡಿದ್ದೆ. ಆಗುವುದಿಲ್ಲ.

ಕಾರ್ಯದರ್ಶಿಗಳೇ, ನಿಮ್ಮ 34ರಲ್ಲಿ ನಮ್ಮವರು ಎಷ್ಟು ಜನ? ನನ್ನ ತಂದೆ ಕಲಬುರಗಿ ಕಡೆಯ ಮೆಥಡಿಸ್ಟ್ ಪಂಥದ ಕ್ರೈಸ್ತರು. ಇಲ್ಲಿ ನಗರಪಾಲಿಕೆಯ ಗುತ್ತಿಗೆಯಲ್ಲಿ ಕಸ ಎತ್ತುತ್ತಿದ್ದರು. ಭಾನುವಾರ ಬೆಳಗಿನ ಪಾಳಿ ಮುಗಿಸಿ, ಸಾರ್ವಜನಿಕ ನಳದಲ್ಲಿ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕನ್ನಡ ಸಭೆಗೆ ಹೋಗುತ್ತಿದ್ದರು. ಇಪ್ಪತ್ತೆರಡು ವರ್ಷ ಹಿಂದಿನ ಬೆಂಚಿನಲ್ಲಿ ಕುಳಿತರು. ಯಾರೂ ಅವರಿಗೆ ಹಿಂದೆ ಕೂರಿ ಎಂದು ಹೇಳಿದವರಲ್ಲ. ಮುಂದೆ ಬನ್ನಿ ಎಂದವರೂ ಇಲ್ಲ. ನನ್ನ ಅಕ್ಕನಿಗೆ ಅದೇ ಸಭೆಯ ಗುಮಾಸ್ತರ ಮನೆಯಲ್ಲಿ ಸಂಬಂಧ ಕೇಳಿದಾಗ "ನಮ್ಮ ಕಡೆಯ ಪದ್ಧತಿ ಬೇರೆ" ಎಂಬ ಉತ್ತರ ಬಂತು. ಪದ್ಧತಿ ಎಂದರೆ ಏನೆಂದು ಎಲ್ಲರಿಗೂ ಗೊತ್ತು.

ಸರ್ಕಾರದ ಬಳಿ ಹೋದರೆ ಅಲ್ಲಿ ಬೇರೆ ಕಥೆ. 1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ ಮಾತ್ರ ಎಂದಾಯಿತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ನಾವು ಹೊರಗೇ ಇದ್ದೇವೆ. ಕಾಗದದ ಪ್ರಕಾರ ಕ್ರೈಸ್ತನಾದವನಿಗೆ ಜಾತಿಯಿಲ್ಲ, ಸಭೆಯ ಬೆಂಚಿನಲ್ಲಿ ಜಾತಿಯಿದೆ. ನಮ್ಮ ಕೇರಿಯಲ್ಲಿ ಎರಡೆರಡು ಹೆಸರು ಇಟ್ಟುಕೊಂಡವರು ಎಷ್ಟೋ ಮಂದಿ: ದಾಖಲೆಗೊಂದು, ದೀಕ್ಷಾಸ್ನಾನಕ್ಕೊಂದು.

ನಾನು ಸಭೆ ಬಿಟ್ಟದ್ದು ಕನ್ನಡ ಬಾರದೆ ಅಲ್ಲ. ನನ್ನ ಕನ್ನಡ ನಿಮ್ಮೆಲ್ಲರಿಗಿಂತ ಚೆನ್ನಾಗಿದೆ.

ಕಲ್ಯಾಣದ ಕಾರ್ಯದರ್ಶಿ | ಮಧ್ಯಾಹ್ನ 3.20

ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರವನ್ನು ಎಣಿಸಿ ಹೇಳಬಲ್ಲೆ, ಹೇಳಲು ನಾಲಿಗೆ ಏಳುತ್ತಿಲ್ಲ.

ಮಾಟುಂಗದ ಹೋಟೆಲಿನವ | ಸಂಜೆ 5.15

ನಾನು ಕ್ರೈಸ್ತನಲ್ಲ, ಕುಂದಾಪುರದವನು. ನಡುವೆ ಬಾಯಿ ಹಾಕಬಹುದೋ ಇಲ್ಲವೋ ತಿಳಿಯದು. ಹೆಂಡತಿಯ ಹೆರಿಗೆ ಕಷ್ಟ ಎಂದಾಗ ಒಂಬತ್ತು ಬುಧವಾರ ಮಾಹಿಮಿನ ಸಂತ ಮೈಕಲ್ ಚರ್ಚಿನ ನೊವೆನಾ ಪ್ರಾರ್ಥನೆಗೆ ಹೋಗಿದ್ದೇನೆ. ಸಾಲಿನಲ್ಲಿ ನನ್ನ ಮುಂದೆ ಒಬ್ಬ ಗುಜರಾತಿ ಸೇಠ್, ಹಿಂದೆ ಬುರ್ಖಾ ತೊಟ್ಟ ತಾಯಿ. ಬಾಂದ್ರಾದ ಜಾತ್ರೆಯಲ್ಲಿ ಮೇಣದ ಕೈ, ಕಾಲು, ಮನೆ, ಮಗು ಕೊಂಡು ಮೇರಿಯಮ್ಮನಿಗೆ ಒಪ್ಪಿಸುವವರಲ್ಲಿಯೂ ನಮ್ಮಂಥವರು ಎಷ್ಟೋ. ಯಾರೂ ನನ್ನನ್ನು ನೀನು ಯಾರು ಎಂದು ಕೇಳಲಿಲ್ಲ, ಮತ ಬದಲಿಸು ಎನ್ನಲಿಲ್ಲ.

ಆದರೆ ನಮ್ಮ ಹೋಟೆಲಿನ ಹುಡುಗನೊಬ್ಬ ಜ್ವರದಲ್ಲಿ ಮಲಗಿದ್ದಾಗ ಯಾರೋ ಬಂದು, "ನಿನ್ನ ದೇವರ ಪಟ ತೆಗೆದುಹಾಕು, ಗುಣವಾಗುತ್ತೀ" ಎಂದರು. ಅದು ನನಗೆ ಸಿಟ್ಟು ತರಿಸಿತು. ನೇರವಾಗಿ ಕೇಳುತ್ತೇನೆ, ಬೇಸರಿಸಬೇಡಿ: ನೀವು ಸೇವೆ ಎನ್ನುವುದರಲ್ಲಿ ಎಷ್ಟು ಪಾಲು ಸೇವೆ, ಎಷ್ಟು ಪಾಲು ಬಲೆ?

ನಾಲಾಸೋಪಾರಾದ ಪಾಸ್ಟರ್ | ರಾತ್ರಿ 11.05

ಈಗಷ್ಟೇ ರಿಕ್ಷಾ ನಿಲ್ಲಿಸಿ ಬಂದೆ. ವಾರದಲ್ಲಿ ಆರು ದಿನ ರಿಕ್ಷಾ ಓಡಿಸುತ್ತೇನೆ, ಏಳನೆಯ ದಿನ ಬಾಡಿಗೆ ಗಾಳೆಯಲ್ಲಿ, ಅಂದರೆ ಒಂದು ಸಣ್ಣ ಮಳಿಗೆಯಲ್ಲಿ, ಇಪ್ಪತ್ತು ಕುಟುಂಬಗಳಿಗೆ ಕನ್ನಡ, ಹಿಂದಿ ಬೆರೆಸಿ ವಾಕ್ಯ ಹೇಳುತ್ತೇನೆ. ಸಂಬಳವಿಲ್ಲ. ನಾವು ಚಪ್ಪಾಳೆ ತಟ್ಟಿ ಹಾಡುತ್ತೇವೆಂದು ದೊಡ್ಡ ಸಭೆಗಳವರು ನಮ್ಮನ್ನು 'ಚಪ್ಪಾಳೆಯವರು' ಎಂದು ಕರೆಯುತ್ತಾರೆ, ಗೊತ್ತಿದೆ.

ಹೋಟೆಲಿನ ಅಣ್ಣನಿಗೆ: ಪಟ ತೆಗೆಯಿರಿ ಎಂದವರು ತಪ್ಪು ಮಾಡಿದರು. ಕಾಯಿಲೆ ಬಿದ್ದವನ ಹಾಸಿಗೆಯ ಪಕ್ಕ ನಿಂತು ಷರತ್ತು ಹಾಕಬಾರದು. ಆದರೆ ನನ್ನ ಬಾಳು ಬದಲಾದದ್ದು ಯೇಸುವಿನಿಂದ. ಕುಡಿದು ಹೆಂಡತಿಯನ್ನು ಹೊಡೆಯುತ್ತಿದ್ದವನು ನಾನು. ಅದನ್ನು ಕೇಳಿದವರಿಗೆ ಹೇಳದೆ ಹೇಗಿರಲಿ? ಹೇಳುವುದು ಬೇರೆ, ಬಲೆ ಬೀಸುವುದು ಬೇರೆ.

ಬಲೆ ಬೀಸುವವರು ನಮ್ಮೊಳಗೂ ಇದ್ದಾರೆ, ಅವರ ಬಲೆಗೆ ಬೀಳುವವರು ನಮ್ಮವರೇ. ಮೊಬೈಲಿನಲ್ಲಿ ಒಬ್ಬ ಬೋಧಕರ ಪ್ರಸಂಗ ಕೇಳಿ ನಮ್ಮ ಸಭೆಯ ತಾಯಿಯೊಬ್ಬರು ಮಗನ ಕೆಲಸಕ್ಕಾಗಿ 'ಬೀಜದ ಕಾಣಿಕೆ' ಕಳಿಸಿದರು. ಕೈಬಳೆ ಅಡವಿಟ್ಟು ಹದಿನೆಂಟು ಸಾವಿರ. ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು ಮರಳುತ್ತದೆ ಎಂದಿದ್ದರಂತೆ. ಮರಳಿದ್ದು ಇನ್ನೊಂದು ಸಂದೇಶ: ನಂಬಿಕೆ ಸಾಲದು, ಮತ್ತೆ ಬಿತ್ತಿ. ನಾನು ಅಡವು ಬಿಡಿಸಲು ಅವರ ಜತೆ ಹೋಗಿದ್ದೆ. ಆ ತಾಯಿ ಇನ್ನೂ ಆ ಬೋಧಕರ ಪ್ರಸಂಗ ಕೇಳುತ್ತಾರೆ. ನನ್ನ ಪ್ರಸಂಗದಲ್ಲಿ ತೂಕಡಿಸುತ್ತಾರೆ.

ಹುಬ್ಬಳ್ಳಿಯ ಹಿರಿಯ, ಮುಲುಂಡ್ | ಮಂಗಳವಾರ, ಬೆಳಿಗ್ಗೆ 6.50

ಪಾಸ್ಟರೇ, ಚಪ್ಪಾಳೆಯವರು ಎಂದು ನಾನೂ ಕರೆದಿದ್ದೇನೆ. ಇನ್ನು ಕರೆಯೆನು. (ನಿಷೇಧರೂಪ.)

ಕಾತ್ರಜಿನ ಮೇಷ್ಟರು, ಪುಣೆ | ಬೆಳಿಗ್ಗೆ 10.30

ಸೇವೆ, ಸುವಾರ್ತೆ ಎಂಬ ಈ ಜಗ್ಗಾಟದಲ್ಲಿ ನನಗೆ ಪಂಡಿತಾ ರಮಾಬಾಯಿ ನೆನಪಾಗುತ್ತಾರೆ. ಮನೆಮಾತು ಮರಾಠಿಯಾದರೂ ಅವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮರುವರ್ಷ ಅದು ಪುಣೆಗೆ ಬಂತು. ಅಲ್ಲಿನ ಹುಡುಗಿಯರು ಅವರ ಪ್ರಾರ್ಥನೆಯಲ್ಲಿ ಕೂರತೊಡಗಿದಾಗ ಪುಣೆಯಲ್ಲಿ ದೊಡ್ಡ ಗಲಾಟೆಯಾಯಿತು, ಎಷ್ಟೋ ಮನೆಯವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಹೋಟೆಲಿನವರ ಪ್ರಶ್ನೆ ನೂರಮೂವತ್ತು ವರ್ಷ ಹಳೆಯದು.

ಇನ್ನೊಂದು ಬದಿಯೂ ಇದೆ. ಪಾದ್ರಿಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿದವರಲ್ಲ ಆಕೆ, ಇಂಗ್ಲೆಂಡಿನಲ್ಲಿದ್ದಾಗಲೇ ತನಗೆ ಆಶ್ರಯ ಕೊಟ್ಟ ಸಿಸ್ಟರುಗಳೊಡನೆ ಪತ್ರದಲ್ಲಿ ಜಗಳವಾಡಿದ್ದರು. ಬರಗಾಲ ಬಂದಾಗ ಊರೂರು ಸುತ್ತಿ ಹುಡುಗಿಯರನ್ನು ಪುಣೆ ಬಳಿಯ ಕೇಡಗಾಂವಿಗೆ ಕರೆತಂದರು. ಅಲ್ಲಿ ನೇಯ್ಗೆ, ಎಣ್ಣೆ ಗಾಣ, ಹೈನುಗಾರಿಕೆ, ಅಚ್ಚುಕೂಟ. ತಾವೇ ಮರಾಠಿಗೆ ಅನುವಾದಿಸಿದ ಬೈಬಲನ್ನು ಅಲ್ಲಿನ ಹೆಣ್ಣುಮಕ್ಕಳ ಕೈಯಿಂದಲೇ ಅಚ್ಚು ಮಾಡಿಸಿದರು. ಕಲಬುರಗಿಯಲ್ಲಿ 1912ರಲ್ಲಿ ಶಾಲೆ ತೆರೆದಾಗ ಮಗಳು ಮನೋರಮಾ ಅದರ ಹೊಣೆ ಹೊತ್ತರು. ಗೋವಂಡಿಯ ತಮ್ಮನ ಊರ ಕಡೆ! ಕಲಬುರಗಿಯಿಂದ ಪುಣೆಗೆ ರೈಲಿನಲ್ಲಿ ಬರುವಾಗ ದೌಂಡ್ ದಾಟಿದ ಮೇಲೆ ಕೇಡಗಾಂವ್ ಸಿಗುತ್ತದೆ. ನಮ್ಮ ಗಾಡಿಗಳು ಅಲ್ಲಿ ನಿಲ್ಲುವುದು ಕಡಿಮೆ.

ಹಾಡಿನ ವಿಷಯವನ್ನು ಯಾರೂ ಎತ್ತಿಲ್ಲ. ಇಲ್ಲಿನ ಮರಾಠಿ ಸಭೆಗಳಲ್ಲಿ ಕ್ರೈಸ್ತ ಕವಿ ನಾರಾಯಣ ವಾಮನ ತಿಲಕರ ಪದಗಳನ್ನು ತಾಳದೊಂದಿಗೆ ಹಾಡುತ್ತಾರೆ, ಕೇಳಿದರೆ ಪಂಢರಪುರಕ್ಕೆ ನಡೆಯುವ ವಾರಕರಿಗಳ ದಿಂಡಿ ಹೋದ ಹಾಗಿರುತ್ತದೆ. ನಾವು ಜರ್ಮನ್ ರಾಗಕ್ಕೆ ಕನ್ನಡ ಪದವನ್ನು ಎಳೆದೆಳೆದು ಕೂರಿಸುತ್ತೇವೆ. ಕಿಟ್ಟೆಲರೇ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಬರೆದಿದ್ದರು, ಅದನ್ನು ಯಾವ ಸಭೆಯಲ್ಲಿಯೂ ಹಾಡಿದ್ದು ನಾನು ಕೇಳಿಲ್ಲ.

ವಾಸ್ಕೋದವನು | ಮಧ್ಯಾಹ್ನ 12.15

ಗೋವಾದಲ್ಲಿ ಚರ್ಚಿಗೇನೂ ಬರವಿಲ್ಲ, ನಮಗೆ ಜಾಗಕ್ಕೆ ಬರ. ಗದಗ, ಬಾಗಲಕೋಟೆಯಿಂದ ಬಂದ ಗಾರೆ ಕೆಲಸದವರು ಕೊಂಕಣಿ ಪೂಜೆಯಲ್ಲಿ ಹಿಂದೆ ನಿಂತು ಬರುತ್ತಾರೆ. ಹಿಂದೆ ಬಾಣಾವಲಿಯ ಪಾದ್ರಿ ಜೋಸೆಫ್ ವಾಜ್ 1680ರ ದಶಕದಲ್ಲಿ ಇಲ್ಲಿಂದ ಕನ್ನಡ ಕರಾವಳಿಗೆ ಹೋಗಿ ಮೂರು ವರ್ಷ ಸೇವೆ ಮಾಡಿದ್ದರು, 2015ರಲ್ಲಿ ಸಂತರಾದರು. ಈಗ ಕನ್ನಡಿಗರೇ ಅವರ ಊರ ಬಾಗಿಲಿಗೆ ಬಂದಿದ್ದೇವೆ. ನಾವು ಸಂಜೆ ಏಳಕ್ಕೆ ಕಟ್ಟಡದ ಸೈಟಿನ ಶೆಡ್ಡಿನಲ್ಲಿಯೇ ಕೂಡುತ್ತೇವೆ. ಹದಿನಾಲ್ಕು ಜನ, ಎಲ್ಲರೂ ಮೂವತ್ತರೊಳಗಿನವರು. ಕನ್ನಡದಲ್ಲಿಯೇ.

ನಿವೃತ್ತ ದಾದಿ, ಪರೇಲ್ | ರಾತ್ರಿ 9.30

ಎಲ್ಲವನ್ನೂ ಓದಿದೆ. 31 ವರ್ಷ ದಾದಿಯಾಗಿದ್ದವಳು, ಪ್ರಸಂಗ ನನಗೆ ಬರುವುದಿಲ್ಲ. ನಡೆದದ್ದನ್ನು ಬರೆಯುತ್ತೇನೆ.

ನಿವೃತ್ತಿಯಾದ ಮೇಲೆ ಶನಿವಾರ ಮಧ್ಯಾಹ್ನ ಪರೇಲಿನ ದೊಡ್ಡ ಆಸ್ಪತ್ರೆಗಳ ಸುತ್ತಮುತ್ತ ಹೋಗುತ್ತೇನೆ. ಅಲ್ಲಿನ ಕಾಲುದಾರಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಕೂತವರಲ್ಲಿ ರಾಯಚೂರು, ಯಾದಗಿರಿ, ವಿಜಯಪುರದವರು ಇದ್ದೇ ಇರುತ್ತಾರೆ. ಎಡವಿದರೆ ಕನ್ನಡ. ಕೆಲವರಿಗೆ ದಾದರಿನ ಗಾಡ್ಗೆ ಮಹಾರಾಜ ಧರ್ಮಶಾಲೆಯಲ್ಲಿ ಜಾಗ ಸಿಗುತ್ತದೆ, ಉಳಿದವರಿಗೆ ಕಾಲುದಾರಿಯೇ ಮನೆ.

ಒಂದು ಶನಿವಾರ ರಾಯಚೂರು ಕಡೆಯ ಹೆಣ್ಣುಮಗಳೊಬ್ಬಳು ಸೆರಗಿನ ಗಂಟು ಬಿಚ್ಚಿ, ಎಂಟು ಮಡಿಕೆಯ ಚೀಟಿ ತೆಗೆದು ನನ್ನ ಕೈಗಿಟ್ಟಳು. ಗಂಡನಿಗೆ ಗಂಟಲಿನ ಕ್ಯಾನ್ಸರ್. ಗೋಡೆಗೆ ಒರಗಿದ್ದ, ಕಣ್ಣು ಗುಳಿ ಬಿದ್ದಿತ್ತು. "ಅವನಿಗೆ ನಿನ್ನೆಯಿಂದ ಏನೂ ಕೊಟ್ಟಿಲ್ಲ ಅವ್ವಾ, ಇನ್ನೂ ಎಷ್ಟು ದಿನ ಉಪವಾಸ?" ಎಂದಳು. ಚೀಟಿಯಲ್ಲಿ ಪರೀಕ್ಷೆಯ ದಿನಾಂಕ ಸರಿಯಾಗಿಯೇ ಇತ್ತು, ಇಂಗ್ಲಿಷಿನಲ್ಲಿ. ಪಕ್ಕದಲ್ಲಿ ಕೂತಿದ್ದವರು ಯಾರೋ ಅದನ್ನು ಓದಿ ಹಿಂದಿಯಲ್ಲಿ "ಪರಸೋಂ ಖಾಲಿ ಪೇಟ್" ಎಂದಿದ್ದರು. 'ಖಾಲಿ' ಎಂಬುದು ಅವಳಿಗೆ ತಿಳಿಯಿತು, ನಮ್ಮಲ್ಲಿಯೂ ಅದೇ ಮಾತು. ಹೊಟ್ಟೆ ತೋರಿಸಿದ್ದರಿಂದ ಅದೂ ತಿಳಿಯಿತು. 'ಪರಸೋಂ' ಎಂದರೆ ನಾಡಿದ್ದು ಎಂದು ತಿಳಿಯಲಿಲ್ಲ. ಆ ಗಳಿಗೆಯಿಂದಲೇ ಅವನಿಗೆ ಅನ್ನ ನಿಲ್ಲಿಸಿದ್ದಳು.

ಓಡಿಹೋಗಿ ಗಂಜಿ ತಂದೆ. ಅವನು ಕುಡಿದು ಮುಗಿಸುವವರೆಗೆ ಅವಳು ಮಾತಾಡಲಿಲ್ಲ. ಆ ಮೇಲೆ ಕೇಳಿದಳು: "ನೀವು ಯಾವ ಜನ?" ಕ್ರೈಸ್ತರು ಎಂದೆ. "ಹೌದಾ? ಎಲ್ಲಮ್ಮನಿಗೆ ಹೇಳಿದ್ದೇನೆ. ನಿಮ್ಮ ದೇವರಿಗೂ ಒಂದು ಮಾತು ಹೇಳಿಬಿಡಿ."

ಹೋಟೆಲಿನ ತಮ್ಮಾ, ನನ್ನ ನಿಯಮ ಇಷ್ಟೆ: ಬೈಬಲ್ ಚೀಲದಲ್ಲಿರುತ್ತದೆ, ಅವರು ಕೇಳುವವರೆಗೆ ಹೊರಗೆ ಬರುವುದಿಲ್ಲ. ಅವಳು ಕೇಳಿದಳು, ಓದಿದೆ. ಇದೇ 23ನೆಯ ಕೀರ್ತನೆ. 'ಕೊರತೆಪಡೆನು' ಎಂದ ಕೂಡಲೇ ಅವಳು ಗಂಡನತ್ತ ತಿರುಗಿ, "ಕೇಳಿದಿಯಾ, ಏನೂ ಕಡಿಮೆ ಬೀಳುವುದಿಲ್ಲವಂತೆ" ಎಂದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಅವಳಿಗೆ ಯಾವ ವ್ಯಾಕರಣವೂ ಬೇಕಾಗಲಿಲ್ಲ.

ಅವನು ಉಳಿದನೋ ಇಲ್ಲವೋ ನನಗೆ ತಿಳಿಯದು. ಮುಂದಿನ ಶನಿವಾರ ಆ ಜಾಗದಲ್ಲಿ ಬೇರೆಯವರು ಕೂತಿದ್ದರು.

ನಾಲಾಸೋಪಾರಾದ ಪಾಸ್ಟರ್ | ರಾತ್ರಿ 11.20

ಅಮ್ಮಾ, ಒಂದೇ ಮಾತು ಒಪ್ಪಲಾರೆ. ಕೇಳದವರ ಗತಿಯೇನು? ಕೇಳಲು ಗೊತ್ತಿಲ್ಲದವರೂ ಇರುತ್ತಾರಲ್ಲ?

ನಿವೃತ್ತ ದಾದಿ, ಪರೇಲ್ | ರಾತ್ರಿ 11.40

ಇರುತ್ತಾರೆ. ಅವರಿಗೂ ಗಂಜಿ ತರುತ್ತೇನೆ. ಉಳಿದದ್ದನ್ನು ನೀವೂ ನಾನೂ ಬೇರೆ ಬೇರೆ ನಂಬುತ್ತೇವೆ ಮಗನೇ, ಬಿಡು.

ವಸಾಯಿಯ ಕೊಂಕಣಿ | ಬುಧವಾರ, ಬೆಳಿಗ್ಗೆ 7.45

ಬಾಂದ್ರಾದ ಶಾಂತಿ ಆವೇದನಾ ಸದನದಲ್ಲಿ ನನ್ನ ಅತ್ತಿಗೆ ಕೊನೆಯ ದಿನಗಳನ್ನು ಕಳೆದರು. ಗುಣವಾಗದ ಕ್ಯಾನ್ಸರ್ ರೋಗಿಗಳಿಗಾಗಿಯೇ 1986ರಲ್ಲಿ ಆರಂಭವಾದದ್ದು, ದೇಶದಲ್ಲಿ ಅಂಥದ್ದು ಅದೇ ಮೊದಲು. ಅಲ್ಲಿನ ಸಿಸ್ಟರ್ ಒಬ್ಬರು ಪ್ರತಿದಿನ ಅವರ ಉಗುರು ನೋಡುತ್ತಿದ್ದರು, ಬೆಳೆದಿದ್ದರೆ ಕತ್ತರಿಸುತ್ತಿದ್ದರು. ಇವತ್ತಿಗೂ ನನಗೆ ಕಣ್ಣಿಗೆ ಕಟ್ಟಿರುವುದು ಅದೇ.

ಗೋವಂಡಿಯವನು | ಮಧ್ಯಾಹ್ನ 1.30

ಅಮ್ಮಾ, ಶನಿವಾರ ನನಗೆ ಅರ್ಧ ದಿನ ಬಿಡುವು. ಸಭೆಗೆ ಬರುವುದಿಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಚೀಟಿ ಓದಲು ಬರಬಹುದೇ? ಮರಾಠಿ, ಹಿಂದಿ, ಇಂಗ್ಲಿಷ್ ಮೂರೂ ಬರುತ್ತದೆ.

ಕಲ್ಯಾಣದ ಕಾರ್ಯದರ್ಶಿ | ಭಾನುವಾರ, ಮಧ್ಯಾಹ್ನ 2.10

ಹಿರಿಯರ ಕೂಟ ಮುಗಿಯಿತು. ನೀವೆಲ್ಲ ಬರೆದದ್ದನ್ನು ಅಚ್ಚು ತೆಗೆದು ಓದಿ ಹೇಳಿದೆ. ಗೋವಂಡಿಯವನ ಮಾತು ಓದುವಾಗ ಇಬ್ಬರು ಎದ್ದು ಹೊರಗೆ ಹೋದರು, ಒಬ್ಬರು ಮಾತ್ರ ಮರಳಿ ಬಂದರು.

ಆರಾಧನೆ ಸದ್ಯಕ್ಕೆ ಕನ್ನಡದಲ್ಲಿಯೇ ಇರುತ್ತದೆ, ಪ್ರಸಂಗ ಇಪ್ಪತ್ತು ನಿಮಿಷ, ವಾಕ್ಯ ಓದಿದ ಮೇಲೆ ಅದರ ಅರ್ಥವನ್ನು ಹಿಂದಿಯಲ್ಲಿಯೂ ಹೇಳುವುದು. ಇದು ಆರು ತಿಂಗಳ ಮಟ್ಟಿಗೆ. ಬಾಣಂತನದ ಕಾಯಿಲೆಯ ವಿಷಯವನ್ನು ಸ್ತ್ರೀ ಸಂಘದಲ್ಲಿ ಎತ್ತಬೇಕೆಂದೆ, "ಅದೆಲ್ಲ ಸಭೆಯಲ್ಲಿ ಏಕೆ" ಎಂದರು. ಮತ್ತೆ ಎತ್ತುತ್ತೇನೆ. ಬೆಂಚಿನ ವಿಷಯದಲ್ಲಿ ಯಾವ ನಿರ್ಣಯವೂ ಆಗಲಿಲ್ಲ. ನಾನು ಇವತ್ತು ಹಿಂದಿನ ಬೆಂಚಿನಲ್ಲಿ ಕೂತೆ. ಅಲ್ಲಿ ಫ್ಯಾನ್ ಇಲ್ಲವೆಂಬುದು ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ.

ಕೀರ್ತನೆ ಓದಿದ ಹುಡುಗನಿಗೆ 'ಪಡು' ಮತ್ತು 'ಪಡೆ' ಬಿಡಿಸಿ ಹೇಳಿದೆ. "ಹಾಗಾದರೆ ಹೆದರೆನು ಅಂದರೆ ಹೆದರುವುದಿಲ್ಲವೇ?" ಎಂದು ಕೇಳಿದ. ಹೌದು ಎಂದೆ. ಈಗ ತಾಯಿ ಏನು ಹೇಳಿದರೂ "ಮಾಡೆನು" ಎನ್ನುತ್ತಿದ್ದಾನಂತೆ, ಬೈಗುಳ ನನಗೆ ಬರುತ್ತಿದೆ.

ನಿವೃತ್ತ ದಾದಿ, ಪರೇಲ್ | ಮಧ್ಯಾಹ್ನ 3.00

ಗೋವಂಡಿಯ ತಮ್ಮ ನಿನ್ನೆ ಬಂದಿದ್ದ. ಹನ್ನೊಂದು ಚೀಟಿ ಓದಿದ. ಮುಂದಿನ ಶನಿವಾರ ಬರುವವರು ಎರಡೂವರೆಗೆ ಪರೇಲ್ ಸ್ಟೇಷನ್ನಿನ ಸೇತುವೆ ಇಳಿಯುವಲ್ಲಿ ನಿಲ್ಲಿ. ಓದುವ ಕನ್ನಡಕ ಮರೆಯಬೇಡಿ, ಚೀಟಿಯ ಅಕ್ಷರ ಬಹಳ ಸಣ್ಣದು. ಹೋಟೆಲಿನವರು ಗಂಜಿಯ ಪಾತ್ರೆ ಕಳಿಸುತ್ತೇನೆ ಎಂದಿದ್ದಾರೆ. ಸ್ಟೀಲಿನ ಲೋಟ ನೀವೇ ತನ್ನಿ.